ತುಂಬಿದ ಮನೆಯಲ್ಲಿ ಮಲಗುವ ಕೋಣೆಗೆ ಹೊಸ ರೂಪ: ಕರಾವಳಿ ಮತ್ತು ಘಟ್ಟದ ಮೇಲಿನವರಿಗೊಂದು ಕೈಪಿಡಿ

ಮಲಗುವ ಕೋಣೆಯನ್ನು ಸ್ವಂತ ಕೈಯಿಂದ ಹೊಸದಾಗಿಸಿಕೊಳ್ಳಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಬಣ್ಣದ ಅಂಗಡಿಗೆ ಹೋಗುತ್ತಾರೆ. ಉತ್ತರ ಕನ್ನಡದ ಮಟ್ಟಿಗೆ ಅದು ಕೊನೆಯಲ್ಲಿ ಹೋಗಬೇಕಾದ ಅಂಗಡಿ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ, ಕೆಲವೆಡೆ ಅದಕ್ಕೂ ಹೆಚ್ಚು ಮಳೆ ಸುರಿಯುತ್ತದೆ; ಶಿರಸಿ, ಸಿದ್ದಾಪುರದ ಕಡೆಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ಒಣಗಲು ಬಿಡುವು ಸಿಗುವುದಿಲ್ಲ. ಇಂಥ ಊರಿನಲ್ಲಿ ಫೆಬ್ರವರಿಯಲ್ಲಿ ಚೆಂದ ಕಂಡ ಕೋಣೆ ಆಗಸ್ಟಿನಲ್ಲಿಯೂ ಚೆಂದ ಕಾಣಬೇಕಾದರೆ, ಬಣ್ಣ ಯಾವುದು ಎಂಬುದಕ್ಕಿಂತ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕು. ಎರಡನೆಯ ಪ್ರಶ್ನೆ ಮನೆಮಂದಿಯದು. ಅಜ್ಜಿ, ಇಬ್ಬರು ಮಕ್ಕಳು, ಆಗಾಗ ಬಂದುಳಿಯುವ ನೆಂಟರು, ಎಲ್ಲರೂ ಬಳಸುವ ಕೋಣೆಯನ್ನು ಹದಿನೈದು ದಿನ ಮುಚ್ಚಿಡಲು ಯಾರಿಂದಲೂ ಆಗದು. ಆದ್ದರಿಂದ ಇಲ್ಲಿ ಹೇಳಿರುವ ಪ್ರತಿಯೊಂದು ಕೆಲಸವನ್ನೂ, ಬಣ್ಣ ಹಚ್ಚುವ ದಿನಗಳನ್ನು ಬಿಟ್ಟರೆ, ಬೆಳಿಗ್ಗೆ ತೊಡಗಿ ಸಂಜೆಯೊಳಗೆ ಮುಗಿಸಿ ರಾತ್ರಿ ಅದೇ ಕೋಣೆಯಲ್ಲಿ ಮಲಗಬಹುದಾದಷ್ಟು ಸಣ್ಣ ತುಂಡುಗಳಾಗಿ ಒಡೆದಿದ್ದೇನೆ.

ಮಳೆಗಾಲದಲ್ಲಿ ನೋಡುವುದು, ದೀಪಾವಳಿಯ ನಂತರ ಮಾಡುವುದು

ಚೌತಿಗೆ ಮುಂಚೆ ಮನೆಗೆ ಬಣ್ಣ ಹಚ್ಚಿಸಬೇಕೆಂಬ ಆಸೆ ಈ ಜಿಲ್ಲೆಯಲ್ಲಿ ಬಲವಾಗಿದೆ. ಹಬ್ಬ ದೊಡ್ಡದು, ಪರವೂರಿನಲ್ಲಿರುವ ಮಕ್ಕಳೆಲ್ಲ ಬರುತ್ತಾರೆ, ಆಸೆ ಸಹಜವೇ. ಆದರೆ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ನೀರು ಹೀರಿ ಕುಳಿತ ಗೋಡೆಯ ಮೇಲೆ ಎಮಲ್ಷನ್ (ನೀರು ಬೆರೆಸಿ ಹಚ್ಚುವ ಪ್ಲಾಸ್ಟಿಕ್ ಬಣ್ಣ) ಹಚ್ಚಿದರೆ ಒಳಗಿನ ತೇವಕ್ಕೆ ಹೊರಬರುವ ದಾರಿ ಮುಚ್ಚಿಹೋಗುತ್ತದೆ. ಮುಂದೆ ಬಿಸಿಲು ಬಿದ್ದಾಗ ಅದು ಬಣ್ಣದ ಪದರವನ್ನೇ ಬೊಬ್ಬೆಯಾಗಿ ಎಬ್ಬಿಸಿ ಹೊರಬರುತ್ತದೆ. ಚೌತಿಗೆ ಕೋಣೆಯನ್ನು ಗುಡಿಸಿ ಒರೆಸಿ, ಪರದೆ, ಹಾಸು ಬದಲಿಸಿದರೆ ಸಾಕು. ಗೋಡೆಯ ಕೆಲಸಕ್ಕೆ ನವೆಂಬರ್‌ನಿಂದ ಮಾರ್ಚ್ ಆರಂಭದವರೆಗಿನ ಕಾಲವೇ ಸರಿ. ಈ ಅವಧಿಯಲ್ಲೂ ಅಡ್ಡಿಗಳಿವೆ: ಘಟ್ಟದ ಮೇಲಿನ ತೋಟದ ಮನೆಗಳಲ್ಲಿ ಅಡಿಕೆ ಕೊಯ್ಲು ಮತ್ತು ಸುಲಿತದ ಗಡಿಬಿಡಿ ಇದೇ ಹೊತ್ತಿಗೆ ಬರುತ್ತದೆ, ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆ ಇದ್ದರೆ ಮನೆ ತುಂಬ ನೆಂಟರಿರುತ್ತಾರೆ, ಮಾರ್ಚ್ ಬಂತೆಂದರೆ ಮಕ್ಕಳ ಪರೀಕ್ಷೆ. ನನ್ನ ಅಭಿಪ್ರಾಯದಲ್ಲಿ ತುಳಸಿ ಹಬ್ಬ ಮುಗಿದು ಸಂಕ್ರಾಂತಿ ಬರುವವರೆಗಿನ ಭಾನುವಾರಗಳಷ್ಟು ಅನುಕೂಲವಾದ ದಿನಗಳು ವರ್ಷದಲ್ಲಿ ಬೇರೆ ಇಲ್ಲ.

ಹಾಗೆಂದು ಮಳೆಗಾಲದಲ್ಲಿ ಸುಮ್ಮನಿರಬೇಕೆಂದಲ್ಲ. ನಿಜವಾದ ತಪಾಸಣೆ ನಡೆಯಬೇಕಾದದ್ದು ಆಗಲೇ. ಜುಲೈಯಲ್ಲಿ ಜಡಿಮಳೆ ಹಿಡಿದಾಗ ಪೆನ್ಸಿಲ್ ಹಿಡಿದು ಕೋಣೆಯೊಳಗೆ ಒಂದು ಸುತ್ತು ಬಂದು, ಒದ್ದೆ ಕಲೆ ಕಂಡಲ್ಲೆಲ್ಲ ಅದರ ಅಂಚಿಗೆ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆದಿಡಬೇಕು. ಕೆಲವು ವಾರಗಳ ನಂತರ ಮತ್ತೆ ನೋಡಿದರೆ ಕಲೆ ಬೆಳೆಯಿತೋ ನಿಂತಿತೋ ತಿಳಿಯುತ್ತದೆ. ನೆಲದಿಂದ ಎರಡು ಮೂರು ಅಡಿಯವರೆಗೆ ಪಟ್ಟಿಯಂತೆ ಹಬ್ಬಿದ ತೇವ ಅಡಿಪಾಯದಿಂದ ಮೇಲೇರುತ್ತಿರುವ ನೀರಿನದು. ಗೋಡೆಯ ತಲೆಯಿಂದ ಕೆಳಗಿಳಿದ ಕಲೆ ಮಾಡಿನದು, ಎಂದರೆ ಜರುಗಿದ ಅಥವಾ ಒಡೆದ ಹೆಂಚಿನದು. ಕಿಟಕಿಯ ಕೆಳಮೂಲೆಗಳಲ್ಲಿ ಕಂಡರೆ ಎರಚಲು ಚೌಕಟ್ಟಿನ ಸಂದಿನಿಂದ ಒಳನುಗ್ಗುತ್ತಿದೆ. ಮಳೆ ಬರಲಿ ಬಿಡಲಿ ವರ್ಷವಿಡೀ ಒಂದೇ ತೆರನಾಗಿ ಇರುವ ಕಲೆ ಆಚೆಗಿನ ಬಚ್ಚಲಿನ ಪೈಪಿನದಾಗಿರುವ ಸಂಭವ ಹೆಚ್ಚು, ಅದಕ್ಕೆ ಪ್ಲಂಬರನನ್ನೇ ಕರೆಯಬೇಕು.

ಇನ್ನೊಂದು ಸುಲಭದ ಪರೀಕ್ಷೆಯಿದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪಿನಿಂದ ಬಿಗಿಯಾಗಿ ಅಂಟಿಸಿ ಎರಡು ದಿನ ಬಿಡಬೇಕು. ಹಾಳೆಯ ಹಿಂಬದಿಯಲ್ಲಿ, ಗೋಡೆಯ ಕಡೆಗೆ, ಹನಿಗಟ್ಟಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಕೋಣೆಯ ಕಡೆಗೆ ಹನಿಗಟ್ಟಿದ್ದರೆ ಗೋಡೆಯ ತಪ್ಪಿಲ್ಲ, ಕೋಣೆಯ ಗಾಳಿಯಲ್ಲೇ ತೇವ ತುಂಬಿದೆ. ಎರಡನೆಯದಕ್ಕೆ ನಮ್ಮ ಕಡೆ ಬಹುಮಟ್ಟಿಗೆ ಒಂದೇ ಕಾರಣ, ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಒದ್ದೆಬಟ್ಟೆ ಒಣಗಿಸುವುದು. ಒಂದು ಬಕೆಟ್ ಬಟ್ಟೆಯಲ್ಲಿ ಹಿಂಡಿದ ಮೇಲೂ ಉಳಿಯುವ ನೀರು ಹೋಗುವುದೆಲ್ಲ ಕೋಣೆಯ ಗಾಳಿಗೆ, ಅಲ್ಲಿಂದ ಹಾಸಿಗೆಗೆ, ಕಪಾಟಿನ ಹಿಂಬದಿಗೆ. ಬಟ್ಟೆ ಒಣಗಿಸುವ ಜಾಗವನ್ನು ಬಚ್ಚಲೊಲೆಯ ಬಳಿಗೋ ಹಿಂದಿನ ಜಗುಲಿಗೋ ಸಾಗಿಸಿದರೆ, ಒಂದು ರೂಪಾಯಿ ಖರ್ಚಿಲ್ಲದೆ ಕೋಣೆಯ ಅರ್ಧ ನವೀಕರಣ ಆದ ಹಾಗೆ.

ಹೆಂಚಿನ ಮಾಡಿನ ಸೋರಿಕೆಗೆ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದೇ ಪರಿಹಾರ. ಅದನ್ನು ಪಳಗಿದವರಿಗೆ ಬಿಡಬೇಕು. ಹಳೆಯ ಹೆಂಚಿನ ಮೇಲೆ ಕಾಲಿಡಲು ಅದರಡಿಯ ಮರಗಳಾದ ರೀಪು, ಪಕಾಸಿಗಳ ಲೆಕ್ಕ ಗೊತ್ತಿರಬೇಕಾಗುತ್ತದೆ. ಅವರು ಹೇಗೂ ಮೇಲೆ ಹತ್ತಿರುವಾಗ ಕತ್ತಲೆ ಕೋಣೆಯ ಮೇಲಿನ ಒಂದೆರಡು ಹೆಂಚು ತೆಗೆಸಿ ಗಾಜಿನ ಹೆಂಚು ಹಾಕಿಸಿಕೊಳ್ಳುವುದು ಜಾಣತನ. ಹಗಲಿಡೀ ದೀಪ ಹಾಕದೆ ಬಟ್ಟೆ ಮಡಚಬಹುದು. ಆದರೆ ಅದು ಮಂಚದ ನೇರ ಮೇಲೆ ಇರಬಾರದು, ಬೇಸಿಗೆಯ ಮಧ್ಯಾಹ್ನದ ನಿದ್ದೆಗೆ ಬಿಸಿಲು ಬೀಳುತ್ತದೆ. ಪಶ್ಚಿಮದ ಕಿಟಕಿಗೆ ಮಳೆಗಾಲದಲ್ಲಿ ತೆಂಗಿನ ಮಡಲಿನ ತಟ್ಟಿಯನ್ನೋ ಅಡಿಕೆ ಸೋಗೆಯ ತಟ್ಟಿಯನ್ನೋ ಕಟ್ಟುವ ಹಳೆಯ ರೂಢಿಯನ್ನು ಯಾರೂ ಕೀಳಾಗಿ ಕಾಣಬೇಕಿಲ್ಲ. ಗೋಡೆಗೆ ನೀರು ಬಡಿಯದಂತೆ ತಡೆಯುವುದರಲ್ಲಿ ಅದು ಯಾವ ಡಬ್ಬಿಯ ರಾಸಾಯನಿಕಕ್ಕೂ ಕಡಿಮೆಯಿಲ್ಲ.

ಅರ್ಧ ಕೋಣೆಯ ಕ್ರಮ

ಕೋಣೆಯನ್ನು ಪೂರ್ತಿ ಖಾಲಿ ಮಾಡಿ ಕೆಲಸಕ್ಕಿಳಿಯುವುದು ಚಿಕ್ಕ ಕುಟುಂಬಗಳಿಗೆ ಹೊಂದಬಹುದು. ತುಂಬಿದ ಮನೆಯಲ್ಲಿ ಖಾಲಿ ಮಾಡಿದ ಸಾಮಾನನ್ನು ಇಡಲು ನಡುಮನೆಯೊಂದೇ ಉಳಿಯುತ್ತದೆ, ಅಲ್ಲಿ ಮೂರನೆಯ ದಿನಕ್ಕೆ ಜಗಳ ಶುರುವಾಗುತ್ತದೆ. ಅದರ ಬದಲು ಕೋಣೆಯನ್ನು ಮನಸ್ಸಿನಲ್ಲೇ ಎರಡು ಪಾಲು ಮಾಡಿ, ಒಂದು ಪಾಲಿನ ಸಾಮಾನನ್ನು ಇನ್ನೊಂದಕ್ಕೆ ಸರಿಸಿ, ಮೇಲೆ ಹಳೆಯ ತಾಡಪತ್ರಿ ಹೊದಿಸಿ, ಎರಡು ಗೋಡೆ ಮುಗಿಸಿದ ಮೇಲೆ ಅದಲು ಬದಲು ಮಾಡಿಕೊಳ್ಳಬೇಕು. ಬಣ್ಣ ಹಚ್ಚಿದ ರಾತ್ರಿ ಮಾತ್ರ ಎಲ್ಲರೂ ಬೇರೆಡೆ ಮಲಗುವುದು ಒಳ್ಳೆಯದು. ಉಬ್ಬಸ ಇರುವವರು, ಬಸುರಿಯರು, ಹಸುಗೂಸುಗಳು ವಾಸನೆ ಪೂರ್ತಿ ಹೋಗುವವರೆಗೆ ಆ ಕೋಣೆಗೆ ಹೋಗಬಾರದು.

ಸಾಮಾನು ಬೇರ್ಪಡಿಸುವ ಕೆಲಸವನ್ನು ಬಣ್ಣದ ವಾರಕ್ಕೆ ಮುಂಚೆಯೇ, ದಿನಕ್ಕೆ ಕಪಾಟಿನ ಒಂದೇ ಅರೆಯಂತೆ, ರಾತ್ರಿ ಊಟದ ನಂತರದ ಅರ್ಧ ಗಂಟೆಯಲ್ಲಿ ಮಾಡಿಕೊಳ್ಳಬಹುದು. ಇಟ್ಟುಕೊಳ್ಳುವುದು, ಕೊಡುವುದು, ರದ್ದಿಗೆ ಹಾಕುವುದು ಎಂದು ಮೂರು ಗೋಣಿಚೀಲ ಇದ್ದರೆ ಸಾಕು. ಅಜ್ಜಿಯ ಮರದ ಪೆಟ್ಟಿಗೆಯನ್ನು ಅವರನ್ನು ಕೇಳದೆ ತೆರೆಯಬಾರದು. ಅವರೇ ಕುಳಿತು ಒಂದೊಂದಾಗಿ ತೆಗೆದುಕೊಡುವಂತೆ ಮಾಡಿದರೆ ಕೆಲಸ ನಿಧಾನವಾದರೂ ಮುಂದೆ ಮಾತು ಬರುವುದಿಲ್ಲ.

ಗೋಡೆಯ ತಯಾರಿ

ಗೋಡೆಯಲ್ಲಿ ಬಿಳಿ ಉಪ್ಪಿನಂಥ ಪುಡಿ ಎದ್ದಿದ್ದರೆ ಅದನ್ನು ಒಣ ಬ್ರಷ್ಷಿನಿಂದ ಉಜ್ಜಿ ಕೆಳಗೆ ಹಾಸಿದ ಕಾಗದದ ಮೇಲೆ ಬೀಳಿಸಿ ಎತ್ತಿ ಹಾಕಬೇಕು. ನೀರಿನಿಂದ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಕಪ್ಪು ಬೂಷ್ಟು ಹಿಡಿದಿದ್ದರೆ ಮಾತು ಬೇರೆ, ಅದನ್ನು ಒಣಗಿದಾಗ ಉಜ್ಜಿದರೆ ಅದರ ಕಣಗಳು ಗಾಳಿಗೆ ಹಾರಿ ಉಸಿರಿಗೆ ಸೇರುತ್ತವೆ. ಮನೆಬಳಕೆಯ ದ್ರವ ಬ್ಲೀಚ್ ಒಂದು ಪಾಲಿಗೆ ಹದಿನಾರು ಪಾಲು ನೀರು ಬೆರೆಸಿ, ಕೈಗವಸು ಮತ್ತು ಮುಖಗವಸು ಹಾಕಿಕೊಂಡು, ಕಿಟಕಿ ಬಾಗಿಲು ತೆರೆದಿಟ್ಟು, ಬೂಷ್ಟಿನ ಮೇಲೆ ಬಟ್ಟೆಯಿಂದ ಹಚ್ಚಿ, ಹತ್ತು ನಿಮಿಷ ಬಿಟ್ಟು ಒರೆಸಿ ತೆಗೆಯಬೇಕು. ಈ ನೀರಿಗೆ ಪಾಯಖಾನೆ ತೊಳೆಯುವ ಆಸಿಡ್ಡನ್ನಾಗಲಿ ವಿನೆಗರನ್ನಾಗಲಿ ಅಮೋನಿಯ ಇರುವ ದ್ರಾವಣವನ್ನಾಗಲಿ ಯಾವ ಕಾರಣಕ್ಕೂ ಬೆರೆಸಬಾರದು, ವಿಷಗಾಳಿ ಹುಟ್ಟುತ್ತದೆ. ಬೂಷ್ಟು ತೆಗೆದ ಜಾಗ ಪೂರ್ತಿ ಒಣಗುವವರೆಗೆ ಮುಂದಿನ ಕೆಲಸಕ್ಕೆ ಕೈ ಹಾಕಬಾರದು.

ಮುಂದೆ ಮಾಡಬೇಕಾದ ಆಯ್ಕೆ ಗೋಡೆಯ ಜಾತಿಯನ್ನು ಅವಲಂಬಿಸಿದೆ. ಚಿರೆಕಲ್ಲಿನಿಂದ (ಕೆಂಪು ಜಂಬಿಟ್ಟಿಗೆಯಿಂದ) ಕಟ್ಟಿ ಮಣ್ಣಿನ ಅಥವಾ ಸುಣ್ಣದ ಗಾರೆ ಮೆತ್ತಿದ ಹಳೆಯ ಗೋಡೆಗೆ ಸುಣ್ಣವೇ ಒಳ್ಳೆಯದೆಂಬುದು ನನ್ನ ದೃಢ ನಂಬಿಕೆ. ಸುಣ್ಣದ ಪದರದಲ್ಲಿ ತೇವಕ್ಕೆ ಹಾದುಹೋಗುವ ದಾರಿ ಇರುವುದರಿಂದ ಗೋಡೆ ಬೇಸಿಗೆಯಲ್ಲಿ ತಾನಾಗಿ ಒಣಗುತ್ತದೆ. ಅದರ ಕ್ಷಾರಗುಣದಿಂದ ಬೂಷ್ಟೂ ಬೇಗ ಹಿಡಿಯುವುದಿಲ್ಲ. ಕರಾವಳಿಯಲ್ಲಿ ಚಿಪ್ಪಿನ ಸುಣ್ಣ ಬಳಸುವ ಪರಂಪರೆಯೇ ಇದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಅದು ಕುದಿಯುವಷ್ಟು ಬಿಸಿಯಾಗಿ ಸಿಡಿಯುತ್ತದೆ, ಆದ್ದರಿಂದ ಮಕ್ಕಳನ್ನು ದೂರವಿಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಪ್ಲಾಸ್ಟಿಕ್ ಬಕೆಟ್ಟಿನ ಬದಲು ಕಬ್ಬಿಣದ ಪಾತ್ರೆಯಲ್ಲಿ ಅರಳಿಸಿ, ಒಂದೆರಡು ದಿನ ಬಿಟ್ಟು ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಹಾಲಿನಷ್ಟು ತೆಳುವಾಗಿ, ಗೋಡೆಯನ್ನು ಸ್ವಲ್ಪ ನೀರು ಚಿಮುಕಿಸಿ ನೆನೆಸಿಕೊಂಡು, ಮೂರು ಕೈ, ಎಂದರೆ ಮೂರು ಪದರ, ಹಚ್ಚಿದರೆ ನಿಲ್ಲುತ್ತದೆ. ಒಂದೇ ಕೈಯಲ್ಲಿ ಮುಗಿಸುವ ಆತುರಕ್ಕೆ ದಪ್ಪಗೆ ಹಚ್ಚಿದ ಸುಣ್ಣ ಹಕ್ಕಳೆಯಾಗಿ ಉದುರುತ್ತದೆ. ಹಚ್ಚಿದಾಗ ಮಸುಕಾಗಿ ಕಂಡು ಒಣಗಿದ ಮೇಲೆ ಬೆಳ್ಳಗಾಗುವುದು ಅದರ ಸ್ವಭಾವ, ಗಾಬರಿಯಾಗಿ ಮೇಲಿಂದ ಮೇಲೆ ಹಚ್ಚುವುದು ಬೇಡ.

ಸಿಮೆಂಟಿನ ಗೋಡೆಗೆ, ಉದಾಹರಣೆಗೆ ಕಾರವಾರದ ಆರ್‌ಸಿಸಿ ಮನೆಗಳಿಗೆ, ಎಮಲ್ಷನ್ ಸರಿಹೊಂದುತ್ತದೆ. ಹೊಸ ಪ್ಲಾಸ್ಟರ್ ಆಗಿದ್ದರೆ ಅದು ಕನಿಷ್ಠ 28 ದಿನ ಮಾಗಬೇಕು. ಹಳೆಯ ಗೋಡೆಯಾಗಿದ್ದರೆ ಮೇಲಿನ ಸಡಿಲ ಬಣ್ಣವನ್ನು, ಅದರಲ್ಲೂ ಮೊದಲು ಸುಣ್ಣ ಹಚ್ಚಿದ್ದರೆ ಆ ಸುಣ್ಣದ ಪದರವನ್ನು, ಪಟ್ಟಿಯಿಂದ ಕೆರೆದು ಗಟ್ಟಿ ನೆಲೆ ಸಿಗುವವರೆಗೆ ತೆಗೆಯಬೇಕು, ಏಕೆಂದರೆ ಸುಣ್ಣದ ಪುಡಿಗೆ ಅಂಟಿಕೊಂಡ ಎಮಲ್ಷನ್ ಆ ಪುಡಿಯೊಂದಿಗೇ ಹಾಳೆಯಾಗಿ ಎದ್ದುಬರುತ್ತದೆ. ಬಿರುಕು, ಮೊಳೆಯ ತೂತುಗಳಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಪಾಲಿಶ್ ಕಾಗದದಿಂದ ತಿಕ್ಕಿ, ಧೂಳನ್ನು ಒದ್ದೆಬಟ್ಟೆಯಿಂದ ಒರೆಸಿ, ಪ್ರೈಮರ್ ಒಂದು ಕೈ ಹಚ್ಚಬೇಕು.

ಬಾಗಿಲು, ಕಿಟಕಿಯ ಚೌಕಟ್ಟಿನ ಹಳೆಯ ಎಣ್ಣೆಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚಿರಬಹುದೆಂದೇ ತಿಳಿದು, ಒಣಗಿದ್ದನ್ನು ತಿಕ್ಕಿ ಧೂಳೆಬ್ಬಿಸದೆ, ನೀರು ಹಚ್ಚಿ ನೀರುಕಾಗದದಿಂದ ತಿಕ್ಕಬೇಕು. ತಿಕ್ಕಿದ ಕೆಸರನ್ನು ಕಾಗದದಲ್ಲಿ ಕಟ್ಟಿ ಹಾಕಬೇಕು. ಆ ದಿನ ಮಕ್ಕಳು ಅಜ್ಜನ ಮನೆಯಲ್ಲಿದ್ದರೆ ಉತ್ತಮ.

ಬಣ್ಣ ಎಷ್ಟು ಬೇಕೆಂಬ ಲೆಕ್ಕ ಕಷ್ಟದ್ದೇನಲ್ಲ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯ ಸುತ್ತಳತೆ 44 ಅಡಿ, ಗೋಡೆಗಳ ವಿಸ್ತೀರ್ಣ 440 ಚದರಡಿ. ಒಂದು ಬಾಗಿಲು, ಎರಡು ಕಿಟಕಿಯ ಲೆಕ್ಕಕ್ಕೆ ಐವತ್ತು ಚದರಡಿ ಕಳೆದರೆ 390 ಉಳಿಯುತ್ತದೆ. ಎರಡು ಕೈ ಹಚ್ಚಲು ಲೀಟರಿಗೆ ಸುಮಾರು 60 ಚದರಡಿ ಎಂದಿಟ್ಟುಕೊಂಡರೆ ಆರೂವರೆ ಲೀಟರ್ ಬೇಕಾಗುತ್ತದೆ. ಹೆಂಚಿನ ಮಾಡಿನ ಕೋಣೆಯಾದರೆ ಇಷ್ಟೇ. ಸ್ಲ್ಯಾಬ್ ಇದ್ದರೆ ಅದರ 120 ಚದರಡಿಯನ್ನು ಸೇರಿಸಿಕೊಳ್ಳಬೇಕು. ಮೊದಲು ಎರಡಿಂಚಿನ ಬ್ರಷ್ಷಿನಿಂದ ಮೂಲೆ, ಅಂಚು, ಸ್ವಿಚ್ ಬೋರ್ಡಿನ ಸುತ್ತ ಹಚ್ಚಿಕೊಂಡು, ಆ ಅಂಚು ಒಣಗುವ ಮುನ್ನವೇ ರೋಲರಿನಿಂದ ನಡುವಿನ ಭಾಗವನ್ನು ಮೇಲಿನಿಂದ ಕೆಳಕ್ಕೆ ತುಂಬಬೇಕು. ಡಬ್ಬಿಯ ಮೇಲೆ ಎರಡು ಕೈಗಳ ನಡುವೆ ನಾಲ್ಕು ಗಂಟೆ ಎಂದು ಬರೆದಿದ್ದರೆ ಕಡಲತೀರದವರು ಅದನ್ನು ಆರು ಗಂಟೆ ಎಂದು ಓದಿಕೊಳ್ಳಬೇಕು. ಬೆಳಗಿನ ಮಂಜು ಇಳಿದ ಮೇಲೆ ಆರಂಭಿಸಿ, ಸಂಜೆಯ ತಂಪಿಗೆ ಮುಂಚೆ ಎರಡನೆಯ ಕೈ ಮುಗಿಸುವಂತೆ ಹೊತ್ತನ್ನು ಹೊಂದಿಸಿಕೊಳ್ಳಬೇಕು.

ಒಂದೇ ಗೋಡೆಗೆ ಚಿತ್ತಾರ

ಮಂಚದ ತಲೆಯ ಕಡೆಯ ಗೋಡೆಯನ್ನು ಬೇರೆಯಾಗಿ ಕಾಣಿಸಬೇಕೆಂಬ ಆಸೆ ಈಗ ಎಲ್ಲರಿಗೂ ಇದೆ. ಅದಕ್ಕಾಗಿ ಅಂಟಿಸುವ ವಾಲ್‌ಪೇಪರನ್ನು ನಾನು ಈ ಜಿಲ್ಲೆಯಲ್ಲಿ ಯಾರಿಗೂ ಸೂಚಿಸುವುದಿಲ್ಲ, ಅದರ ಹಿಂದೆ ಬೂಷ್ಟು ಬೆಳೆಯಲು ಒಂದು ಮಳೆಗಾಲ ಸಾಕು. ಕಾರವಾರದಿಂದ ದಕ್ಷಿಣಕ್ಕೆ ಕರಾವಳಿಯ ಕೆಲವು ಹಳೆಯ ದೇವಸ್ಥಾನಗಳ ಗೋಡೆಗಳಲ್ಲಿ ಕಾವಿ ಕಲೆಯನ್ನು ನೋಡಿದವರಿಗೆ ಮಾದರಿ ಹುಡುಕಿ ದೂರ ಹೋಗುವ ಕೆಲಸವಿಲ್ಲ. ಅಲ್ಲಿ ಬಿಳಿಯ ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿಯ ಪದರ ಹಚ್ಚಿ, ಅದು ಹಸಿಯಾಗಿರುವಾಗಲೇ ಮೊನೆಯಿಂದ ಕೆರೆದು ಕೆಳಗಿನ ಬಿಳಿಯನ್ನು ಹೊರತೆಗೆಯುತ್ತಾರೆ. ಆ ಕೌಶಲ ನಮಗೆ ಒಂದು ಭಾನುವಾರದಲ್ಲಿ ಬರುವುದಿಲ್ಲ. ಆದರೆ ಬಿಳಿಯ ಮೇಲೆ ಇಟ್ಟಿಗೆಗೆಂಪು ಎಂಬ ಆ ಎರಡೇ ಬಣ್ಣದ ಸಂಯಮವನ್ನು ಎರವಲು ಪಡೆದು, ಒಂದು ಬಳ್ಳಿಯ ಅಂಚನ್ನೋ ಎಂಟೆಸಳಿನ ಹೂವನ್ನೋ ಸ್ಟೆನ್ಸಿಲಿನಿಂದ ಹಾಕಿಕೊಳ್ಳಬಹುದು. ಮನೆಯಲ್ಲಿ ಬಿದ್ದಿರುವ ಹಳೆಯ ಎಕ್ಸ್‌ರೇ ಹಾಳೆ ಸ್ಟೆನ್ಸಿಲಿಗೆ ಹೇಳಿ ಮಾಡಿಸಿದ ವಸ್ತು. ಅದರ ಮೇಲೆ ಚಿತ್ರ ಬರೆದು ಬ್ಲೇಡಿನಿಂದ ಕತ್ತರಿಸಿ, ಗೋಡೆಗೆ ಮಾಸ್ಕಿಂಗ್ ಟೇಪಿನಿಂದ ಅಂಟಿಸಿ, ಸ್ಪಂಜಿನ ತುಂಡಿಗೆ ಬಣ್ಣ ಮುಟ್ಟಿಸಿ, ಮೊದಲು ರದ್ದಿ ಕಾಗದದ ಮೇಲೆ ಒತ್ತಿ ಹೆಚ್ಚಿನದನ್ನು ತೆಗೆದು, ಬಳಿಕ ಒತ್ತಿ ಒತ್ತಿ ಹಚ್ಚಬೇಕು. ಸ್ಪಂಜಿನಲ್ಲಿ ಬಣ್ಣ ಹೆಚ್ಚಾದರೆ ಹಾಳೆಯ ಅಡಿಗೆ ಹರಿದು ಅಂಚು ಕೆಡುತ್ತದೆ. ಸಾಲು ನೇರವಾಗಿರಲು ಎರಡು ತುದಿಗೆ ಸುಣ್ಣ ಹಚ್ಚಿದ ದಾರ ಹಿಡಿದು ನಡುವೆ ಮೀಟಿ ಗೆರೆ ಬೀಳಿಸುವ ಬಡಗಿಯ ಉಪಾಯವೇ ಸಾಕು. ಈ ಕೆಲಸದಲ್ಲಿ ಮಕ್ಕಳಿಗೆ ಖಂಡಿತ ಪಾಲು ಕೊಡಬೇಕು, ತಾವೇ ಒತ್ತಿದ ಹೂವಿನ ಮೇಲೆ ಅವರು ಪೆನ್ಸಿಲಿನಿಂದ ಗೀಚುವುದು ಕಡಿಮೆ.

ಸಿದ್ದಾಪುರ, ಸಾಗರ ಸೀಮೆಯ ದೀವರ ಸಮುದಾಯದ ಗೋಡೆಚಿತ್ರವಾದ ಹಸೆ ಚಿತ್ತಾರವೂ ಕೆಮ್ಮಣ್ಣಿನ ಹಿನ್ನೆಲೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿನಾರಿನ ಕುಂಚದಿಂದ ಮೂಡುವ ಬೆರಗಿನ ಕಲೆ. ಅದನ್ನು ಸ್ಟೆನ್ಸಿಲಿಗೆ ಇಳಿಸುವುದು ನನಗೆ ಸರಿಯೆನಿಸುವುದಿಲ್ಲ. ಅದರ ಜೀವ ಇರುವುದೇ ಕೈಯಿಂದ ಎಳೆದ ಗೆರೆಯಲ್ಲಿ. ಬೇಕೆನ್ನುವವರು ಅದನ್ನು ಬಲ್ಲ ಹೆಂಗಸರಿಂದಲೇ ತಕ್ಕ ಸಂಭಾವನೆ ಕೊಟ್ಟು ಬರೆಸಿಕೊಳ್ಳಲಿ.

ಮಂಚ, ಕಪಾಟು ಮತ್ತು ಹಲಗೆಗಳು

ಹೊಸ ಪೀಠೋಪಕರಣ ತರುವ ಮೊದಲು ಇದ್ದುದರ ಜಾಗ ಬದಲಿಸಿ ನೋಡಬೇಕು. ಕಪಾಟನ್ನು ಹೊರಗೋಡೆಗೆ ಒತ್ತಿ ಇಡುವುದು ಬಹಳ ಮನೆಗಳ ದೋಷ. ಒಳಗೋಡೆಯ ಕಡೆಗೆ ಸಾಗಿಸಿ, ಗೋಡೆಗೂ ಕಪಾಟಿಗೂ ನಡುವೆ ನಾಲ್ಕು ಇಂಚು ಬಿಟ್ಟರೆ ಗಾಳಿ ಆಡುತ್ತದೆ, ಬಟ್ಟೆಗೆ ಬರುವ ಮುಗ್ಗಲು ವಾಸನೆ ಬಹುಮಟ್ಟಿಗೆ ಹೋಗುತ್ತದೆ. ಉಕ್ಕಿನ ಕಪಾಟಿನ ಕಾಲುಗಳ ಕೆಳಗೆ ಟೈಲ್ಸಿನ ತುಂಡು ಇಟ್ಟರೆ ನೆಲ ಒರೆಸಿದ ನೀರಿಗೆ ತುಕ್ಕು ಹಿಡಿಯುವುದಿಲ್ಲ, ಕಾವಿ ನೆಲದ ಮೇಲೆ ಕಲೆಯೂ ಬೀಳುವುದಿಲ್ಲ. ಎತ್ತರದ ಕಪಾಟು ಮಕ್ಕಳು ಹಿಡಿದು ಹತ್ತಿದಾಗ ಮುಂದಕ್ಕೆ ಬೀಳದಂತೆ ಮೇಲ್ಭಾಗವನ್ನು ಒಂದು ಲೋಹದ ಪಟ್ಟಿಯಿಂದ ಗೋಡೆಗೆ ಕಟ್ಟುವುದನ್ನು ಮರೆಯಬಾರದು.

ಮಂಚಕ್ಕೆ ಪೂರ್ತಿ ಪ್ಲೈವುಡ್ ಹಾಸಿದ್ದರೆ ಮಳೆಗಾಲದಲ್ಲಿ ಹಾಸಿಗೆಯ ಅಡಿ ತೇವವಾಗಿ ಬೂಷ್ಟು ಹಿಡಿಯುತ್ತದೆ. ಡ್ರಿಲ್ಲಿಗೆ ಒಂದಿಂಚಿನ ತೂತು ಕೊರೆಯುವ ಬಿಟ್ ಹಾಕಿ, ಆರಾರು ಇಂಚಿಗೊಂದರಂತೆ ತೂತು ಕೊರೆದುಬಿಟ್ಟರೆ ಗಾಳಿ ಆಡುತ್ತದೆ. ಇಡೀ ನವೀಕರಣದಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಡುವ ಕೆಲಸ ಇದೇ ಎಂದು ಹೇಳಬಲ್ಲೆ. ಹೊಸದಾಗಿ ಮಾಡಿಸುವವರು ಎರಡೆರಡು ಇಂಚು ಸಂದು ಬಿಟ್ಟು ಮರದ ಪಟ್ಟಿಗಳನ್ನೇ ಹಾಕಿಸಲಿ. ಮಂಚದ ಅಡಿಯ ಜಾಗಕ್ಕೆ ಹಳೆಯ ಹಲಗೆಗಳಿಂದ ಏಳೆಂಟು ಇಂಚು ಎತ್ತರದ ತೆರೆದ ಪೆಟ್ಟಿಗೆ ಮಾಡಿ, ಕೆಳಗೆ ನಾಲ್ಕು ಚಕ್ರ ಜೋಡಿಸಿದರೆ ಮಕ್ಕಳ ಪುಸ್ತಕ, ಆಟಿಕೆಗೆ ಒಳ್ಳೆಯ ನೆಲೆಯಾಗುತ್ತದೆ. ಉಣ್ಣೆಬಟ್ಟೆ, ರೇಷ್ಮೆ ಸೀರೆಗಳನ್ನು ಅಲ್ಲಿ ಇಡಬಾರದು.

ಪ್ಲೈವುಡ್ ಕೊಳ್ಳುವಾಗ ಹಾಳೆಯ ಮೇಲಿನ ಮುದ್ರೆ ಓದಬೇಕು. ಐಎಸ್ 303 ಎಂಬ ಭಾರತೀಯ ಮಾನಕದ ಎಂಆರ್ (ತೇವ ಮಾತ್ರ ತಾಳುವ) ದರ್ಜೆಯ ಅಗ್ಗದ ಹಾಳೆ ನಮ್ಮ ಹವೆಗೆ ಕೆಲವು ಮಳೆಗಾಲದಲ್ಲೇ ಉಬ್ಬಿ ಪದರ ಬಿಡುತ್ತದೆ. ಅದೇ ಮಾನಕದ ಬಿಡಬ್ಲ್ಯೂಆರ್ (ಕುದಿನೀರು ತಾಳುವ) ದರ್ಜೆ ಅಥವಾ ಐಎಸ್ 710ರ ಮರೀನ್ ಪ್ಲೈ ತರುವುದು ಲೇಸು. ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನ ಸಾಮಾನು ಎಷ್ಟೇ ಸುಂದರವಾಗಿದ್ದರೂ ಬೇಡ. ಕಡಲಿಗೆ ಹತ್ತಿರವಿರುವವರು ಬಿಜಾಗರಿ, ಸ್ಕ್ರೂ, ಹಿಡಿಕೆಗಳನ್ನು ಹಿತ್ತಾಳೆಯದೋ ಸ್ಟೇನ್‌ಲೆಸ್ ಸ್ಟೀಲಿನದೋ ಆರಿಸಿಕೊಳ್ಳಬೇಕು, ಉಪ್ಪುಗಾಳಿಗೆ ಕಬ್ಬಿಣ ತಾಳುವುದಿಲ್ಲ. ಹಳೆಯ ಮರಕ್ಕೆ ಗೆದ್ದಲು ಬಾರದಂತೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವ ಪದ್ಧತಿ ಕರಾವಳಿಯಲ್ಲಿ ಹಿಂದಿನಿಂದ ಇದೆ. ಅದು ಮಾಡಿನ ಪಕಾಸಿಗೆ ಸರಿ, ಮಲಗುವ ಮಂಚಕ್ಕೆ ಬೇಡ, ಏಕೆಂದರೆ ಆ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ.

ಗೋಡೆಗೆ ಹಲಗೆ ಹೊಡೆಯುವಾಗ ಚಿರೆಕಲ್ಲಿನ ಗುಣ ತಿಳಿದಿರಬೇಕು. ಅದರಲ್ಲಿ ತೂತುಗಳಿರುತ್ತವೆ, ಡ್ರಿಲ್ಲಿನ ಹೊಡೆತಕ್ಕೆ ಪುಡಿಯಾಗುತ್ತದೆ. ಚಿಕ್ಕ ಗಿಟ್ಟಿ (ಸ್ಕ್ರೂ ಹಿಡಿಯಲು ತೂತಿಗೆ ಹೊಡೆಯುವ ಬೆಣೆ) ಹಾಕಿದರೆ ವಾರದಲ್ಲಿ ಸಡಿಲಾಗಿ ಕೈಗೆ ಬರುತ್ತದೆ. ಡ್ರಿಲ್ಲಿನ ಸುತ್ತಿಗೆ ಹೊಡೆತವನ್ನು ನಿಲ್ಲಿಸಿ, ತಿರುಗಣೆಯಿಂದ ಮಾತ್ರ ಕೊರೆದು, ಗಾರೆಯನ್ನು ದಾಟಿ ಕಲ್ಲಿನೊಳಗೆ ಎರಡಿಂಚಾದರೂ ಹೋಗುವ ಉದ್ದದ ಗಿಟ್ಟಿ ಮತ್ತು ಸ್ಕ್ರೂ ಬಳಸಬೇಕು. ಪುಸ್ತಕದಂಥ ಭಾರಕ್ಕೆ ನೆಲದ ಮೇಲೆ ನಿಲ್ಲುವ ಕಪಾಟೇ ಸರಿ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಎಂದೂ ಕೊರೆಯಬಾರದು, ಅಲ್ಲಿ ವೈರು ಹಾದುಹೋಗಿರುತ್ತದೆ. ಹಳೆಯ ಮನೆಗಳ ದಪ್ಪ ಗೋಡೆಯಲ್ಲಿ ಗೂಡುಗಳಿದ್ದರೆ ಅವನ್ನು ಮುಚ್ಚಿಸುವುದು ದಡ್ಡತನ. ಒಳಗೆ ತಿಳಿ ಬಣ್ಣ ಹಚ್ಚಿ, ಒಂದು ಹಲಗೆ ಸಿಕ್ಕಿಸಿದರೆ ಔಷಧಿ, ಕನ್ನಡಕ, ನೀರಿನ ತಂಬಿಗೆಗೆ ಮಂಚದ ಪಕ್ಕದಲ್ಲೇ ಜಾಗ ಸಿದ್ಧ. ಬಾಡಿಗೆ ಮನೆಯವರು ಕೊರೆಯುವ ಗೋಜಿಗೇ ಹೋಗದೆ, ಗೋಡೆಗೆ ಒರಗಿಸಿ ನಿಲ್ಲಿಸುವ ಏಣಿಯಂಥ ಚೌಕಟ್ಟು ಮಾಡಿಕೊಳ್ಳಲಿ.

ಅಜ್ಜಿಯೋ ಅಜ್ಜನೋ ಮಲಗುವ ಮಂಚದ ಎತ್ತರ, ಹಾಸಿಗೆ ಸೇರಿ, ಕುಳಿತಾಗ ಪಾದ ನೆಲಕ್ಕೆ ಪೂರ್ತಿ ಊರುವಷ್ಟಿರಬೇಕು. ಹೆಚ್ಚಿನವರಿಗೆ ಹದಿನೆಂಟು ಇಂಚು ಹೊಂದುತ್ತದೆ. ಅವರ ಮಂಚದಿಂದ ಬಾಗಿಲವರೆಗಿನ ದಾರಿಯಲ್ಲಿ ಚಾಪೆ, ಜಮಖಾನ ಯಾವುದೂ ಇರಬಾರದು.

ಬೆಳಕು, ಪರದೆ, ಹೊದಿಕೆ

ವೈರಿಂಗ್ ಕೆಲಸವನ್ನು ಮನೆಯವರು ಮಾಡಬಾರದು, ತೇವದ ಗೋಡೆಯಲ್ಲಂತೂ ಅದು ಪ್ರಾಣದ ಪ್ರಶ್ನೆ. ಎಲೆಕ್ಟ್ರಿಷಿಯನ್ ಬಂದಾಗ ಮನೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್) ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಹಾಕಿಸಿಕೊಳ್ಳಬೇಕು. ಬಲ್ಬಿನ ಆಯ್ಕೆ ಮಾತ್ರ ನಮ್ಮ ಕೈಯಲ್ಲಿದೆ: ಮಲಗುವ ಹೊತ್ತಿನ ದೀಪಕ್ಕೆ 2700ರಿಂದ 3000 ಕೆಲ್ವಿನ್‌ನ (ಬೆಳಕಿನ ಛಾಯೆಯ ಅಳತೆ) ಹಳದಿ ಛಾಯೆ, ಮಕ್ಕಳ ಓದಿನ ಮೇಜಿಗೆ 4000 ಕೆಲ್ವಿನ್. ಒಂದೇ ಕೋಣೆಯಲ್ಲಿ ಒಬ್ಬರು ಓದುವಾಗ ಇನ್ನೊಬ್ಬರು ಮಲಗಬೇಕಾದ ಮನೆಗಳಲ್ಲಿ ಮೇಜಿನ ದೀಪ ಬೇರೆ ಇರುವುದು ಸೌಕರ್ಯಕ್ಕಿಂತ ಶಾಂತಿಗೆ ಅಗತ್ಯ.

ಪರದೆಗೆ ಹಳೆಯ ಹತ್ತಿ ಸೀರೆಯಷ್ಟು ಒಳ್ಳೆಯ ಬಟ್ಟೆ ಇಲ್ಲ, ಬೇಗ ಒಣಗುತ್ತದೆ, ಗಾಳಿ ಬಿಡುತ್ತದೆ. ಐದೂವರೆ ಮೀಟರಿನ ಸೀರೆ ಎಂದರೆ ಹದಿನೆಂಟು ಅಡಿ. ನಾಲ್ಕೂವರೆ ಅಡಿ ಎತ್ತರದ ಕಿಟಕಿಗೆ ಮಡಿಕೆಯೂ ಸೇರಿ ಆರಡಿ ಹಿಡಿದರೆ ಸರಿಯಾಗಿ ಮೂರು ತುಂಡುಗಳಾಗುತ್ತವೆ. ನೆರಿಗೆ ಚೆನ್ನಾಗಿ ಬೀಳಲು ಬಟ್ಟೆಯ ಅಗಲ ಕಿಟಕಿಯ ಎರಡರಷ್ಟಿರಬೇಕು. ಸೀರೆಯ ಅಗಲ 45 ಇಂಚು ಇರುವುದರಿಂದ ಎರಡು ತುಂಡುಗಳು ಮೂರೂವರೆ ಅಡಿ ಅಗಲದ ಕಿಟಕಿಗೆ ಸಾಕಾಗಿ, ಮೂರನೆಯದು ಗೋಡೆಗೂಡಿಗೋ ತೆರೆದ ಕಪಾಟಿಗೋ ಪರದೆಯಾಗುತ್ತದೆ. ಅಂಚು ಮೇಲಿನಿಂದ ಕೆಳಕ್ಕೆ ಬೀಳುವುದು ನೋಡಲೂ ಚೆಂದ. ಸೊಳ್ಳೆಪರದೆಯ ಜಾಲರಿಯನ್ನು ವೆಲ್ಕ್ರೋ ಪಟ್ಟಿಯಿಂದ ಚೌಕಟ್ಟಿಗೆ ಅಂಟಿಸುವವರು ಪಟ್ಟಿಗೆ ಅಲ್ಲಲ್ಲಿ ಸಣ್ಣ ಹಿತ್ತಾಳೆ ಮೊಳೆ ಹೊಡೆಯಬೇಕು, ಬರಿ ಅಂಟು ಮಳೆಗಾಲದಲ್ಲಿ ಬಿಟ್ಟುಕೊಳ್ಳುತ್ತದೆ.

ಹಾಸಿಗೆಯ ಮೇಲೆ ಹರಡಲು ಕೌದಿಗಿಂತ ಬೇರೆ ಅಲಂಕಾರ ಬೇಡ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಆರಂಭಿಸಿ ನಡುವಿನ ಕಡೆಗೆ ಸಾಗುತ್ತ, ಉದ್ದಕ್ಕೂ ಎಳೆಹೊಲಿಗೆಯಿಂದ ಜೋಡಿಸಿ, ಮೂಲೆಗಳಿಗೆ ಮಡಚಿದ ಸಣ್ಣ ಹೂಗಳನ್ನಿಟ್ಟು ಮುಗಿಸುವ ಕೌದಿಗಳ ಬಣ್ಣದ ಜೋಡಣೆ ಯಾವ ಅಂಗಡಿಯ ಹೊದಿಕೆಗೂ ಬರುವುದಿಲ್ಲ. ಕಪಾಟು ಬೇರ್ಪಡಿಸಿದಾಗ ಸಿಕ್ಕ ಮಕ್ಕಳ ಚಿಕ್ಕದಾದ ಅಂಗಿ, ಹರಿದ ಲುಂಗಿಗಳಿಂದ ಮನೆಯಲ್ಲೇ ಸಣ್ಣದೊಂದನ್ನು ಹೊಲಿಯಲು ತೊಡಗಬಹುದು. ಅದು ಮುಗಿಯಲು ಒಂದು ಮಳೆಗಾಲ ಹಿಡಿದರೆ ತಪ್ಪೇನಿಲ್ಲ. ದಪ್ಪ ಕೌದಿಯನ್ನು ಮೇ ತಿಂಗಳಲ್ಲಿ ತೊಳೆದು ಬಿಸಿಲಿಗೆ ಹಾಕಿ ಮುಗಿಸಿಬಿಡಬೇಕು, ಜೂನ್ ಬಂದ ಮೇಲೆ ಅದು ಒಣಗುವುದಿಲ್ಲ.

ಕೆಲಸ ಮುಗಿದ ಮೇಲೆ ಉಳಿದ ಬಣ್ಣವನ್ನು ದೊಡ್ಡ ಡಬ್ಬಿಯಲ್ಲೇ ಬಿಟ್ಟರೆ ಮೇಲೆ ಕೆನೆಗಟ್ಟಿ ಹಾಳಾಗುತ್ತದೆ. ಕಂಠದವರೆಗೆ ತುಂಬುವಂಥ ಚಿಕ್ಕ ಬಾಟಲಿಗೆ ಸುರಿದು, ಮುಚ್ಚಳ ಬಿಗಿದು, ಅದರ ಮೇಲೆ ಬಣ್ಣದ ಸಂಖ್ಯೆ, ಹಚ್ಚಿದ ಗೋಡೆ ಮತ್ತು ತಿಂಗಳನ್ನು ಬರೆದ ಚೀಟಿ ಅಂಟಿಸಿ, ಮಕ್ಕಳ ಕೈಗೆ ಸಿಗದಂತೆ ಅಟ್ಟದ ಮೇಲೆ ಇಡಬೇಕು. ಬರುವ ನವೆಂಬರ್‌ನಲ್ಲಿ ಕಿಟಕಿಯ ಮೂಲೆಯಲ್ಲಿ ಅಂಗೈಯಗಲ ಕಲೆ ಕಂಡರೆ, ನೀರಿನ ದಾರಿ ಮುಚ್ಚಿ ಆ ತುಂಡಿಗೆ ಮಾತ್ರ ಹಚ್ಚಿಕೊಳ್ಳಲು ಅಷ್ಟೇ ಸಾಕಾಗುತ್ತದೆ.